ಸೂಜಿಯ ಜಾಗಕ್ಕೆ ಶಬ್ದ

ಸಂಜೆ ಊರ್ಡಿಗೆರೆಯಲ್ಲಿ ನಿಂತು ದೇವರಾಯನದುರ್ಗದ ಕಡೆ ನೋಡಿದರೆ, ಹುಳು ಹಿಡಿಯುತ್ತ ಹಾರುವ ಸಣ್ಣ ಬಾವಲಿಗಳು ಕಣ್ಣಿಗೆ ಬೀಳಬಹುದು. ಅವು ಎಡೆಬಿಡದೆ ಕೂಗುತ್ತಿರುತ್ತವೆ, ನಮಗೆ ಕೇಳಿಸುವುದಿಲ್ಲ ಅಷ್ಟೆ. ಸೆಕೆಂಡಿಗೆ 20,000ಕ್ಕಿಂತ ಹೆಚ್ಚು ಸಲ ಕಂಪಿಸುವ ಶಬ್ದ ಮನುಷ್ಯನ ಕಿವಿಗೆ ನಿಲುಕದು. ಇದೇ ಶ್ರವಣಾತೀತ ಶಬ್ದ, ಅಂದರೆ ಅಲ್ಟ್ರಾಸೌಂಡ್. ಸೂಜಿಗೆ ಹೆದರುವವರಿಗೆಂದು ಇದನ್ನು ಅಕ್ಯುಪಂಕ್ಚರ್‌ನಲ್ಲೂ ಬಳಸುವ ಪ್ರಯತ್ನ ನಡೆದಿದೆ.

ಅಕ್ಯುಪಂಕ್ಚರ್ ಚೀನಾದ ಹಳೆಯ ಚಿಕಿತ್ಸೆ. ಮೈಮೇಲಿನ ಗೊತ್ತಾದ ಬಿಂದುಗಳಲ್ಲಿ ಕೂದಲೆಳೆಯಂಥ ಸೂಜಿ ಚುಚ್ಚುತ್ತಾರೆ. 1938ರಲ್ಲಿ ಚೀನಾಕ್ಕೆ ಹೋದ ಐವರು ಭಾರತೀಯ ವೈದ್ಯರಲ್ಲಿ ಒಬ್ಬರು, ಕನ್ನಡದ ಮಾತೂ ಕೇಳಿಬರುವ ಸೊಲ್ಲಾಪುರದ ಡಾ. ದ್ವಾರಕಾನಾಥ ಕೋಟ್ನಿಸ್. ಅವರು 1942ರಲ್ಲಿ ಅಲ್ಲೇ ತೀರಿಕೊಂಡರು. ಅದೇ ತಂಡದ ಡಾ. ಬಿಜಯ್ ಕುಮಾರ್ ಬಸು ಮುಂದೆ ಈ ವಿದ್ಯೆ ಕಲಿತು ಭಾರತಕ್ಕೆ ತಂದರು.

ಸೂಜಿಯ ನೋವು ಅಲ್ಪ. ನಿಜವಾದ ಭಯ ಸೋಂಕಿನದು. ಒಬ್ಬರಿಗೆ ಚುಚ್ಚಿದ ಸೂಜಿಯನ್ನು ಶುದ್ಧಿ ಮಾಡದೆ ಇನ್ನೊಬ್ಬರಿಗೆ ಚುಚ್ಚಿದರೆ ಹೆಪಟೈಟಿಸ್-ಬಿ ಯಂಥ ಕಾಯಿಲೆ ಹರಡುತ್ತದೆ. ಅಲ್ಟ್ರಾಸೌಂಡ್‌ಗೆ ಆ ಗೊಡವೆಯಿಲ್ಲ.

ಯಂತ್ರದ ಹಿಡಿಯ ತುದಿಯಲ್ಲಿ ಒಂದು ಹರಳಿರುತ್ತದೆ. ಒತ್ತಿದರೆ ವಿದ್ಯುತ್ ಹುಟ್ಟಿಸುವ ಹರಳುಗಳ ಗುಣವನ್ನು ಕ್ಯೂರಿ ಸಹೋದರರು 1880ರಲ್ಲಿ ಕಂಡರು. ಅದರ ತಿರುವುಮುರುವೂ ನಿಜ: ವಿದ್ಯುತ್ ಹರಿಸಿದರೆ ಹರಳು ನಡುಗುತ್ತದೆ. ಫಿಸಿಯೋಥೆರಪಿಯಲ್ಲಿ ಸಾಮಾನ್ಯವಾಗಿ ಸೆಕೆಂಡಿಗೆ 10 ಲಕ್ಷದಿಂದ 30 ಲಕ್ಷ ಕಂಪನಗಳು. 10 ಲಕ್ಷದ್ದು ಆಳಕ್ಕಿಳಿಯುತ್ತದೆ, 30 ಲಕ್ಷದ್ದು ಚರ್ಮದ ಹತ್ತಿರವೇ ಕರಗಿ ಶಾಖವಾಗುತ್ತದೆ. ನಡುವೆ ತೆಳುವಾದ ಗಾಳಿಯ ಪದರವಿದ್ದರೂ ಶಬ್ದ ಹಿಂದಿರುಗುವುದರಿಂದ ಮೊದಲು ಲೋಳೆಯಂಥ ಜೆಲ್ ಸವರುತ್ತಾರೆ.

ನೋವು ಕಡಿಮೆಯಾಯಿತೆನ್ನಿ. ಅದು ಬಿಂದುವಿನ ಮಹಿಮೆಯೋ, ಬರಿಯ ಶಾಖವೋ, ರೋಗಿಯ ನಂಬಿಕೆಯೋ? ಸೂಜಿಯ ಬಗ್ಗೆಯೂ ಈ ಪ್ರಶ್ನೆ ಎದ್ದಿತ್ತು. 2009ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಬೆನ್ನುನೋವಿನ 638 ಮಂದಿಯಿದ್ದರು. ಕೆಲವರಿಗೆ ಸೂಜಿ ಚುಚ್ಚಿದರು. ಕೆಲವರಿಗೆ ಗೊತ್ತಾಗದಂತೆ ಹಲ್ಲುಕಡ್ಡಿಯನ್ನು ಚರ್ಮಕ್ಕೆ ತಾಗಿಸಿದರು, ಚುಚ್ಚಲೇ ಇಲ್ಲ. ಎರಡೂ ಗುಂಪಿಗೆ ಸುಮಾರಾಗಿ ಒಂದೇ ಪ್ರಮಾಣದ ಉಪಶಮನ! ಮಾಮೂಲಿ ಚಿಕಿತ್ಸೆಯಲ್ಲೇ ಉಳಿದವರಿಗೆ ಅಷ್ಟು ಸಿಗಲಿಲ್ಲ.

ಅಲ್ಟ್ರಾಸೌಂಡ್‌ನ ಪರೀಕ್ಷೆ ಇದಕ್ಕಿಂತ ಸುಲಭ. ಕಡಿಮೆ ಬಲದ ಶಬ್ದ ಕಿವಿಗೂ ಕೇಳದು, ಚರ್ಮಕ್ಕೂ ತಿಳಿಯದು. ಅರ್ಧ ಜನರಿಗೆ ಯಂತ್ರ ಆರಿಸಿಯೇ ಹಿಡಿದರೆ ಯಾರಿಗೂ ಪತ್ತೆಯಾಗದು. ಇಂಥ ಹೋಲಿಕೆ ಮಾಡಿದ್ದೀರಾ ಎಂದು ಯಂತ್ರ ಮಾರುವವರನ್ನು ಯಾರು ಬೇಕಾದರೂ ಕೇಳಬಹುದು.

ಚುಚ್ಚದ ಯಂತ್ರವೆಂದು ಮನೆಯಲ್ಲೇ ಪ್ರಯೋಗ ಬೇಡ. ಒಂದೇ ಕಡೆ ಹಿಡಿದರೆ ಒಳಗೆ ಸುಡಬಹುದು. ಕಣ್ಣು, ಬಸುರಿಯ ಹೊಟ್ಟೆ, ಕ್ಯಾನ್ಸರ್ ಗಡ್ಡೆ, ಪೇಸ್‌ಮೇಕರ್ ಇರುವ ಎದೆ, ಇವುಗಳ ಮೇಲೆ ಚಿಕಿತ್ಸೆಯ ಅಲ್ಟ್ರಾಸೌಂಡ್ ಹಾಯಿಸುವುದಿಲ್ಲ. ಬೆಳೆಯುವ ಮಕ್ಕಳ ಮೂಳೆಯ ತುದಿಗಳ ಬಳಿಯೂ ವೈದ್ಯರು ಎಚ್ಚರ ವಹಿಸುತ್ತಾರೆ.