ಅಲೆಯ ಲೆಕ್ಕ ಕಲಿಯಲು ಡೆಲ್ಫ್ಟಿಗೆ

ಭೌತವಿಜ್ಞಾನ ಓದಿದವರಿಗೆ ಹೆಂಡ್ರಿಕ್ ಲೊರೆಂಟ್ಸ್ ಹೆಸರು ಗೊತ್ತು. 1902ರಲ್ಲಿ ನೊಬೆಲ್ ಪಡೆದವರು, ಐನ್‌ಸ್ಟೈನ್ ಬಹಳ ಗೌರವಿಸುತ್ತಿದ್ದ ಹಿರಿಯರು. ಅವರು ಇಳಿವಯಸ್ಸಿನಲ್ಲಿ ಎಂಟು ವರ್ಷ ಕಡಲಿನ ಉಬ್ಬರ ಇಳಿತದ ಲೆಕ್ಕದಲ್ಲಿ ಮುಳುಗಿದ್ದರೆಂಬುದು ಅಷ್ಟಾಗಿ ತಿಳಿದಿಲ್ಲ. ನೆದರ್ಲೆಂಡ್ಸ್ ಆಗ ಜೌಡರ್‌ಜೇ ಎಂಬ ಕೊಲ್ಲಿಯ ಬಾಯಿಗೆ 32 ಕಿ.ಮೀ. ಉದ್ದದ ಏರಿ ಕಟ್ಟಲು ಹೊರಟಿತ್ತು. ಒಳಗೆ ಹೋಗಲಾಗದ ನೀರು ಹೊರಗಿನ ಕರಾವಳಿಯಲ್ಲಿ ಎಷ್ಟು ಏರೀತು? ಕಂಪ್ಯೂಟರ್ ಇಲ್ಲದ ಕಾಲ. ಲೊರೆಂಟ್ಸ್ ನೇತೃತ್ವದ ಸಮಿತಿ ಕಡಲತಳದ ಕಾಲುವೆಗಳನ್ನು ಒಂದೊಂದಾಗಿ ತೆಗೆದುಕೊಂಡು, ನೀರಿನ ಹರಿವಿನ ಸಮೀಕರಣಗಳನ್ನು ಕೈಯಲ್ಲೇ ಬಿಡಿಸಿ, 1926ರಲ್ಲಿ ವರದಿ ಕೊಟ್ಟಿತು. 1932ರಲ್ಲಿ ಏರಿ ಮುಗಿದಾಗ ನೀರು ಏರಿದ ಮಟ್ಟ ಲೆಕ್ಕಕ್ಕೆ ತೀರ ಹತ್ತಿರವಿತ್ತು. ಅದನ್ನು ಕಾಣಲು ಲೊರೆಂಟ್ಸ್ ಇರಲಿಲ್ಲ; 1928ರಲ್ಲೇ ತೀರಿಕೊಂಡಿದ್ದರು.

ನೆಲದ ಕಾಲುಭಾಗ ಸಮುದ್ರಮಟ್ಟಕ್ಕಿಂತ ಕೆಳಗಿರುವ ದೇಶ ಅದು. ಅಲ್ಲಿ ಏರಿ ಕಟ್ಟುವುದು ಹಳೆಯ ಕಸುಬು. ಆದರೆ ಕಟ್ಟುವ ಮೊದಲು ಪ್ರಶ್ನೆ ಕೇಳುವ, ಕಟ್ಟಿದ ಮೇಲೂ ಅಳೆಯುವ ಅಭ್ಯಾಸವೇ ದೂರದೇಶದ ವಿದ್ಯಾರ್ಥಿಗಳನ್ನು ಅಲ್ಲಿಗೆ ಸೆಳೆಯುತ್ತದೆ ಎಂದು ನನ್ನ ಬಲವಾದ ನಂಬಿಕೆ. 1953ರ ಫೆಬ್ರುವರಿ 1ರ ನಸುಕಿನಲ್ಲಿ ಏರಿಗಳು ಒಡೆದು 1,836 ಜನ ಸತ್ತರು. ನಾಲ್ಕೇ ವರ್ಷಗಳಲ್ಲಿ, 1957ರಲ್ಲಿ, ಡೆಲ್ಫ್ಟ್ ನಗರದಲ್ಲಿ ಅಭಿವೃದ್ಧಿಶೀಲ ದೇಶಗಳ ಎಂಜಿನಿಯರುಗಳಿಗೆಂದೇ ಜಲಶಾಸ್ತ್ರದ ಸ್ನಾತಕೋತ್ತರ ತರಗತಿ ಶುರುವಾಯಿತು. ಇಂದಿನ ಐಎಚ್‌ಇ ಡೆಲ್ಫ್ಟ್ ಬೆಳೆದದ್ದು ಅದರಿಂದ. ಅಷ್ಟು ದೊಡ್ಡ ದುಃಖದ ಬೆನ್ನಿಗೇ ತಮ್ಮ ವಿದ್ಯೆಯನ್ನು ಹೊರಗಿನವರಿಗೆ ಹಂಚಲು ಹೊರಟಿದ್ದು ನನಗೆ ಏರಿಗಳಷ್ಟೇ ದೊಡ್ಡ ಕೆಲಸವಾಗಿ ಕಾಣುತ್ತದೆ.

ಅದೇ ಊರಿನ ಡೆಲ್ಟಾರಿಸ್ ಸಂಸ್ಥೆಯಲ್ಲಿ 300 ಮೀಟರ್ ಉದ್ದ, ಒಂಬತ್ತೂವರೆ ಮೀಟರ್ ಆಳದ ಕಾಂಕ್ರೀಟ್ ತೊಟ್ಟಿಯಿದೆ. ಒಂದು ತುದಿಯ ಗೋಡೆ ಹಿಂದೆ ಮುಂದೆ ಸರಿದು ನಾಲ್ಕೂವರೆ ಮೀಟರ್ ಎತ್ತರದವರೆಗೆ ಅಲೆ ಎಬ್ಬಿಸುತ್ತದೆ. ಪುಟ್ಟ ಮಾದರಿ ಸಾಲದೆ? ಅಲೆಗಷ್ಟೇ ಆದರೆ ಸಾಕು. ಮಾದರಿಯನ್ನು 100 ಪಟ್ಟು ಕಿರಿದು ಮಾಡಿದರೆ ಕಾಲವನ್ನು ಅದರ ವರ್ಗಮೂಲದಷ್ಟು, ಅಂದರೆ 10 ಪಟ್ಟು, ಕಿರಿದು ಮಾಡಬೇಕು. ಕಡಲಲ್ಲಿ ಹತ್ತು ಸೆಕೆಂಡಿಗೊಮ್ಮೆ ಬರುವ ಅಲೆ ಮಾದರಿಯಲ್ಲಿ ಸೆಕೆಂಡಿಗೊಮ್ಮೆ ಬರುತ್ತದೆ. ತೊಡಕಿರುವುದು ಮರಳಿನಲ್ಲಿ. ಕಾಲು ಮಿಲಿಮೀಟರಿನ ಕಣವನ್ನು ನೂರು ಪಟ್ಟು ಸಣ್ಣದು ಮಾಡಿದರೆ ಅದು ಮರಳಾಗಿ ಉಳಿಯುವುದಿಲ್ಲ, ಒಂದಕ್ಕೊಂದು ಅಂಟುವ ಜೇಡಿಯಂತಾಗುತ್ತದೆ. ಏರಿಯನ್ನು ಹಿಡಿದಿಟ್ಟಿರುವ ಹುಲ್ಲಿನ ಬೇರನ್ನಂತೂ ಕುಗ್ಗಿಸುವ ದಾರಿಯೇ ಇಲ್ಲ. ಅದಕ್ಕೇ ನಿಜವಾದ ಗಾತ್ರದ ಅಲೆ, ನಿಜವಾದ ಏರಿ.

ಇನ್ನೂ ದೊಡ್ಡ ಪ್ರಯೋಗ ಬಯಲಲ್ಲೇ ನಡೆದಿದೆ. ಡೆಲ್ಫ್ಟಿನ ಪ್ರಾಧ್ಯಾಪಕ ಮಾರ್ಸೆಲ್ ಸ್ಟೀವ್ ಮುಂದಿಟ್ಟ ಯೋಚನೆಯಂತೆ 2011ರಲ್ಲಿ ಹೇಗ್ ನಗರದ ಬಳಿ ಸುಮಾರು ಎರಡು ಕೋಟಿ ಘನ ಮೀಟರ್ ಮರಳನ್ನು ಒಂದೇ ಕಡೆ ಸುರಿದರು. ಕೆಲವು ವರ್ಷಗಳಿಗೊಮ್ಮೆ ದಡದುದ್ದಕ್ಕೂ ಮರಳು ತುಂಬುವ ಬದಲು, ಅದನ್ನು ಹರಡುವ ಕೆಲಸವನ್ನು ಗಾಳಿಗೆ, ಅಲೆಗೆ, ಪ್ರವಾಹಕ್ಕೆ ವಹಿಸಿದ್ದಾರೆ. ಇಪ್ಪತ್ತು ವರ್ಷಗಳ ಅಂದಾಜು. ಉಳ್ಳಾಲದ ಕಡಲ್ಕೊರೆತವನ್ನೂ ಅದಕ್ಕೆ ಸುರಿದ ಬಂಡೆಗಳನ್ನೂ ಕಂಡವರಿಗೆ ಇದು ಎಂಥ ಧೈರ್ಯವೆಂದು ಬೇಗ ಅರ್ಥವಾದೀತು. ಮರಳು ಎತ್ತ ಸಾಗಿತು, ಯಾವ ಬಿರುಗಾಳಿಗೆ ಎಷ್ಟು ಸರಿಯಿತು ಎಂದು ಸಂಶೋಧಕ ವಿದ್ಯಾರ್ಥಿಗಳು ಅಳೆದಿದ್ದಾರೆ, ಪ್ರಬಂಧ ಬರೆದಿದ್ದಾರೆ.

ಆ ಅಂಕಿಗಳನ್ನು ಹಾಗೆಯೇ ತಂದು ನಮ್ಮ ಕರಾವಳಿಗೆ ಹಚ್ಚಲಾಗದು. ಅಲ್ಲಿನ ಬಿರುಗಾಳಿಗಳು ಹೆಚ್ಚಾಗಿ ಚಳಿಗಾಲದವು. ನಮ್ಮ ಕಡಲು ಕೆರಳುವುದು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗಾಲದಲ್ಲಿ. ಮಳೆಗಾಲದಲ್ಲಿ ಕೊರೆದು ಹೋದ ಮರಳಿನಲ್ಲಿ ಎಷ್ಟೋ ಭಾಗ ಬೇಸಗೆಯಲ್ಲಿ ದಡಕ್ಕೆ ಮರಳುತ್ತದೆ. ಎಷ್ಟು ಹೋಯಿತು, ಎಷ್ಟು ಬಂತು ಎಂಬ ಲೆಕ್ಕವನ್ನು ಇಲ್ಲಿಯೇ, ಋತುವಿನಿಂದ ಋತುವಿಗೆ, ಹೊಸದಾಗಿ ಹಾಕಬೇಕು. ಡೆಲ್ಫ್ಟಿನಲ್ಲಿ ಕಲಿಯುವುದಾದರೂ ಆ ಲೆಕ್ಕ ಹಾಕುವ ಬಗೆಯನ್ನೇ.