ಗೋಷ್ಠಿಗೂ ಒಂದು ಬಸ್ ಟೈಮು ಬೇಕು!

“ಸಾಹಿತ್ಯ ಕೇಳಬಾರದು ಅಂತಲ್ರಿ. ನಿಮ್ಮ ಸ್ವಾಗತ, ಹಾರ-ತುರಾಯಿ ಮುಗಿಯೂದ್ರಾಗ ನಮ್ಮ ಬಸ್ಸು ಹೋಗಿರತೈತಿ!”

ಗಂಗಾವತಿಯ ಕಿರಾಣಿ ಅಂಗಡಿಯೊಂದರ ಕಟ್ಟೆಯ ಮೇಲೆ ಕೇಳಿದ ಮಾತಿದು. ತಮಾಷೆಯೆಂದು ತಳ್ಳಿಹಾಕುವಂತಿಲ್ಲ. ಹನುಮನಹಳ್ಳಿಯಂಥ ಊರಿನಲ್ಲಿ ಪುಸ್ತಕಪ್ರಿಯರ ಕೂಟ ನಡೆಸಬೇಕೆನ್ನುವವರು ಮೊದಲು ಕಿವಿಗೊಡಬೇಕಾದ ಮಾತೇ ಇದು.

ನಮ್ಮ ಭಾಗಕ್ಕೆ ಸಾಹಿತ್ಯ ಹೊಸದೇನಲ್ಲ. ಒಂಬತ್ತನೇ ಶತಮಾನದ ‘ಕವಿರಾಜಮಾರ್ಗ’ ತಿರುಳ್ಗನ್ನಡದ ಸೀಮೆ ಹೇಳುವಾಗ ಕೊಪಣವನ್ನು, ಅಂದರೆ ಇಂದಿನ ಕೊಪ್ಪಳವನ್ನು, ಎಣಿಸಿದೆ. 1993ರಲ್ಲಿ ಕೊಪ್ಪಳದಲ್ಲಿ ಸಿಂಪಿ ಲಿಂಗಣ್ಣನವರ, 2011ರ ಡಿಸೆಂಬರಿನಲ್ಲಿ ಗಂಗಾವತಿಯಲ್ಲಿ ಸಿ.ಪಿ.ಕೃಷ್ಣಕುಮಾರರ ಅಧ್ಯಕ್ಷತೆಯಲ್ಲಿ ಅಖಿಲ ಭಾರತ ಸಮ್ಮೇಳನಗಳೇ ನಡೆದವು. ದೊಡ್ಡ ಜಾತ್ರೆ ಆಯಿತು. ಈಗ ಬೇಕಿರುವುದು ಸಣ್ಣ ಸಂತೆ.

ಸಣ್ಣ ಕೂಟಗಳ ರೋಗ ಎಲ್ಲರಿಗೂ ಗೊತ್ತು. ಹತ್ತಕ್ಕೆ ಎಂದದ್ದು ಹನ್ನೊಂದೂವರೆಗೆ ಶುರು. ವೇದಿಕೆ ತುಂಬ ಕುರ್ಚಿ. ಪುಸ್ತಕ ಓದಿ ಬಂದವರು ಇಬ್ಬರೋ ಮೂವರೋ. ಕೊನೆಗೆ ‘ಸಮಯದ ಅಭಾವದಿಂದ ಸಂವಾದ ಇಲ್ಲ’ ಎಂಬ ಘೋಷಣೆ. ಓದುಗ ಮಹಾಶಯ ಬಂದದ್ದೇ ಆ ಸಂವಾದಕ್ಕೆ ಸ್ವಾಮಿ!

ಲೆಕ್ಕ ಸುಲಭ. ಒಂದು ಗೋಷ್ಠಿಗೆ ಮೂವರು, ತಲಾ 15 ನಿಮಿಷ, ಪ್ರಶ್ನೆಗೆ 30, ಚಹಾ ಕುಡಿದು ಪುಸ್ತಕ ತಿರುವಿಹಾಕಲು 15. ಒಟ್ಟು ಒಂದೂವರೆ ತಾಸು. ಬೆಳಿಗ್ಗೆ ಎರಡು, ಊಟದ ಮೇಲೆ ಒಂದು, ನಾಲ್ಕಕ್ಕೆ ಮುಕ್ತಾಯ. ದೂರದವನು ಬಸ್ಸು ಹಿಡಿಯುತ್ತಾನೆ, ಅಂಗಡಿಯವನಿಗೆ ಸಂಜೆಯ ಗಿರಾಕಿ ತಪ್ಪುವುದಿಲ್ಲ.

ವಿಷಯಕ್ಕೂ ಬರವಿಲ್ಲ. ಮೊದಲನೆಯದರಲ್ಲಿ ಕುಮ್ಮಟದುರ್ಗದ ಕುಮಾರರಾಮ. ನಂಜುಂಡ ಕವಿ ಸಾಂಗತ್ಯದಲ್ಲಿ ಹಾಡಿದ ವೀರ ನಮ್ಮ ತಾಲ್ಲೂಕಿನವನೇ. ಎರಡನೆಯದರಲ್ಲಿ ಯಲಬುರ್ಗಾ ಸೀಮೆಯ ದ್ಯಾಂಪುರದ ಸಿದ್ಧಯ್ಯ ಪುರಾಣಿಕರು. ಮೂರನೆಯದು ಓದುಗರದೇ. ಅಂಗಡಿಯವ, ಕಂಡಕ್ಟರ್, ಮಾಸ್ತರು ತಾವು ಮೆಚ್ಚಿದ ಒಂದೊಂದು ಪುಸ್ತಕದ ಬಗ್ಗೆ ಮಾತಾಡಲಿ.

ದಿನವನ್ನೂ ನೋಡಿ ಇಡಿ. ಶನಿವಾರ ಬೇಡ, ಅಂಜನಾದ್ರಿಯ ಭಕ್ತರಿಂದ ಬಸ್ಸು ತುಂಬಿರುತ್ತದೆ. ಡಿಸೆಂಬರಿನ ಹನುಮಮಾಲೆ, ಭತ್ತದ ಕಟಾವಿನ ದಿನಗಳೂ ಬೇಡ.

ಅಂಗಡಿಯವನಿಗೇಕೆ ಇಷ್ಟು ಮರ್ಯಾದೆ ಎನ್ನಬೇಡಿ. 1965ರ ಗ್ರಂಥಾಲಯ ಕಾಯ್ದೆಯ ಪ್ರಕಾರ ಪಟ್ಟಣದ ಕಟ್ಟಡ ತೆರಿಗೆಯ ಜೊತೆ ನೂರಕ್ಕೆ ಆರರಂತೆ ಗ್ರಂಥಾಲಯ ಕರವೂ ಸೇರಿರುತ್ತದೆ. ಪುಸ್ತಕಕ್ಕೆಂದು ಕಾಸು ಕೊಡುತ್ತ ಬಂದವನಿಗೆ ಕೂರಲೊಂದು ಕುರ್ಚಿ, ಕೇಳಲೊಂದು ಪ್ರಶ್ನೆಯಾದರೂ ಬೇಡವೇ?

ಹಾರ ನಾಲ್ಕು ಕಡಿಮೆಯಾದರೆ ಯಾರ ಮಾನವೂ ಹೋಗುವುದಿಲ್ಲ. ಕೊನೆ ಬಸ್ಸು ತಪ್ಪಿಸಿಕೊಂಡವನು ಮಾತ್ರ ಮುಂದಿನ ವರ್ಷ ಈ ಕಡೆ ತಲೆಹಾಕುವುದಿಲ್ಲ.