ಮಕ್ಕಳ ಕೈಗೆಟುಕುವ ಕಪಾಟು

ಸಾರ್ವಜನಿಕ ಗ್ರಂಥಾಲಯಗಳು ಮಕ್ಕಳನ್ನು ಓದುಗರೆಂದು ಎಣಿಸತೊಡಗಿದ್ದು ಬಹಳ ತಡವಾಗಿ. ಹತ್ತೊಂಬತ್ತನೆಯ ಶತಮಾನದ ಹೆಚ್ಚಿನ ಗ್ರಂಥಾಲಯಗಳಲ್ಲಿ ಚಿಕ್ಕವರಿಗೆ ಸದಸ್ಯತ್ವವೇ ಇರಲಿಲ್ಲ. ಅಮೆರಿಕದ ಬ್ರೂಕ್‌ಲೈನ್ ಪಟ್ಟಣದ ಗ್ರಂಥಾಲಯವು 1890ರಲ್ಲಿ ತನ್ನ ನೆಲಮಾಳಿಗೆಯ ಕೋಣೆಯೊಂದನ್ನು ಮಕ್ಕಳಿಗೆಂದು ಬಿಟ್ಟುಕೊಟ್ಟದ್ದು ಈ ದಿಕ್ಕಿನ ಮೊದಮೊದಲ ಪ್ರಯತ್ನಗಳಲ್ಲಿ ಒಂದು.

ಈ ವಿಚಾರ ಕನ್ನಡ ನಾಡನ್ನು ಮುಟ್ಟಿದ ದಾರಿ ಸುತ್ತುಬಳಸಿನದು. ಮದರಾಸು ವಿಶ್ವವಿದ್ಯಾಲಯದ ಗ್ರಂಥಪಾಲರಾಗಿ ನೇಮಕಗೊಂಡ ಎಸ್.ಆರ್. ರಂಗನಾಥನ್ ಅವರು 1924ರಲ್ಲಿ ಲಂಡನ್ನಿಗೆ ಕಲಿಯಲು ಹೋದಾಗ ಅವರಿಗೆ ಪಾಠ ಹೇಳಿದವರಲ್ಲಿ ಡಬ್ಲ್ಯೂ.ಸಿ. ಬರ್ವಿಕ್ ಸೇಯರ್ಸ್ ಒಬ್ಬರು. ಇವರು ಕ್ರಾಯ್ಡನ್ ಪಟ್ಟಣದ ಗ್ರಂಥಪಾಲರು, ಮಕ್ಕಳ ಗ್ರಂಥಾಲಯಗಳನ್ನು ಕುರಿತು ಕೈಪಿಡಿ ಬರೆದವರು. ರಂಗನಾಥನ್ 1931ರಲ್ಲಿ ಪ್ರಕಟಿಸಿದ ಐದು ಸೂತ್ರಗಳಲ್ಲಿ ಎರಡನೆಯದು ಪ್ರತಿಯೊಬ್ಬ ಓದುಗನಿಗೂ ಅವನ ಪುಸ್ತಕ ಸಿಗಬೇಕೆನ್ನುತ್ತದೆ. ಅದರಲ್ಲಿ ವಯಸ್ಸಿನ ಷರತ್ತಿಲ್ಲ. ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದ ಅವರ ಮಾದರಿ ಗ್ರಂಥಾಲಯ ಮಸೂದೆಯ ಪ್ರಭಾವದಲ್ಲಿಯೇ ಮೈಸೂರು ಸಾರ್ವಜನಿಕ ಗ್ರಂಥಾಲಯಗಳ ಅಧಿನಿಯಮ, 1965 ರೂಪುಗೊಂಡು, 1966ರ ನವೆಂಬರ್ 1ರಿಂದ ಜಾರಿಗೆ ಬಂದಿತು. ಮನೆಗಂದಾಯದ ಜೊತೆಗೆ ಸ್ಥಳೀಯ ಸಂಸ್ಥೆಗಳು ವಸೂಲು ಮಾಡುವ ಗ್ರಂಥಾಲಯ ಕರವು ಆ ಕಾನೂನಿನ ಜೀವಾಳ.

ಕಬ್ಬನ್ ಉದ್ಯಾನದ ಶೇಷಾದ್ರಿ ಅಯ್ಯರ್ ಸ್ಮಾರಕ ಭವನದಲ್ಲಿರುವ ರಾಜ್ಯ ಕೇಂದ್ರ ಗ್ರಂಥಾಲಯಕ್ಕೆ ಹೊಂದಿಕೊಂಡಂತೆ ಇಂದಿರಾ ಪ್ರಿಯದರ್ಶಿನಿ ಮಕ್ಕಳ ಗ್ರಂಥಾಲಯವು ಪ್ರತ್ಯೇಕವಾಗಿ ಬೆಳೆದದ್ದು ಈ ಇತಿಹಾಸದ ಎದ್ದು ಕಾಣುವ ಘಟ್ಟ. ಆದರೆ ರಾಜಧಾನಿಯ ಒಂದು ಒಳ್ಳೆಯ ಕಟ್ಟಡದಿಂದ ಬೀದರ್ ಜಿಲ್ಲೆಯ ಔರಾದಿನ ಹಳ್ಳಿಯ ಮಗುವಿಗೆ ಆಗುವ ಪ್ರಯೋಜನ ಅಲ್ಪ. ಮಕ್ಕಳ ವಿಭಾಗವನ್ನು ನಿಜವಾಗಿಸುವುದು ಎರಡೇ ಸಂಗತಿಗಳು: ಮಗು ಯಾರನ್ನೂ ಕೇಳದೆ ಪುಸ್ತಕ ಎತ್ತಿಕೊಳ್ಳಬಹುದಾದ ತೆರೆದ ಕಪಾಟು, ಮತ್ತು ಹರಿದು ಹಳತಾದ ಪುಸ್ತಕಗಳ ಜಾಗಕ್ಕೆ ವರ್ಷವರ್ಷವೂ ಹೊಸವನ್ನು ತರುವ ಹಣ. ಬಣ್ಣದ ಕುರ್ಚಿಗಳು ಆಮೇಲಿನ ಮಾತು. ಕಪಾಟಿಗೆ ಬೇಕಾದ ಸರಕಿಗೆ ಕನ್ನಡದಲ್ಲಿ ಬರವಿರಲಿಲ್ಲ: ಶಿವರಾಮ ಕಾರಂತರು 1936ರಲ್ಲಿ ಮೂರು ಸಂಪುಟಗಳ ‘ಬಾಲಪ್ರಪಂಚ’ವನ್ನು ಕೊಟ್ಟಿದ್ದರು, 1970ರ ದಶಕದಲ್ಲಿ ಎಲ್.ಎಸ್. ಶೇಷಗಿರಿ ರಾವ್ ಸಂಪಾದಕತ್ವದ ‘ಭಾರತ–ಭಾರತಿ’ ಮಾಲೆ ಜೇಬಿಗೆ ಹಿಡಿಸುವ ಪುಟ್ಟ ಜೀವನಚರಿತ್ರೆಗಳನ್ನು ನೂರುಗಟ್ಟಲೆ ಹೊರತಂದಿತು.

ಹಳ್ಳಿಗಳ ಮಟ್ಟಿಗೆ ತಿರುವು ಬಂದದ್ದು 2019ರಲ್ಲಿ, ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಗ್ರಂಥಾಲಯ ಇಲಾಖೆಯಿಂದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ವರ್ಗವಾದಾಗ. ಕೊರೊನಾದಿಂದ ಶಾಲೆಗಳು ಮುಚ್ಚಿದ್ದ 2020ರ ನವೆಂಬರ್ 14ರಂದು, ಅಂದರೆ ಮಕ್ಕಳ ದಿನದಂದೇ, ಆರಂಭವಾದ ‘ಓದುವ ಬೆಳಕು’ ಕಾರ್ಯಕ್ರಮದಲ್ಲಿ 6ರಿಂದ 18 ವರ್ಷದವರಿಗೆ ಉಚಿತ ಸದಸ್ಯತ್ವ ದೊರೆಯಿತು. ಪತ್ರಿಕೆ ಓದುವ ಹಿರಿಯರ ತಾಣವಾಗಿದ್ದ ಕೋಣೆಯಲ್ಲಿ ಗಟ್ಟಿಯಾಗಿ ಕಥೆ ಓದುವುದು, ಚಿತ್ರ ಬಿಡಿಸುವುದು, ಚದುರಂಗ ಆಡುವುದು ಆರಂಭವಾಯಿತು. ಈ ಗ್ರಂಥಾಲಯಗಳಿಗೆ ಈಗ ‘ಅರಿವು ಕೇಂದ್ರ’ವೆಂಬ ಹೆಸರೂ ಇದೆ; ಇವು 5,600ಕ್ಕೂ ಹೆಚ್ಚಿವೆ. ಇಷ್ಟಾದರೂ ಕೆಲಸದ ಭಾರವೆಲ್ಲ ಬಹುಮಟ್ಟಿಗೆ ಒಬ್ಬರೇ ಗ್ರಂಥಪಾಲಕರ ಮೇಲಿರುವುದನ್ನು ಮರೆಯುವಂತಿಲ್ಲ.

ಈ ವ್ಯವಸ್ಥೆ ರಾಜ್ಯದ ಗಡಿಗೆ ಬಂದು ನಿಲ್ಲುತ್ತದೆ; ಕನ್ನಡ ಮನೆಮಾತಿನ ಮಕ್ಕಳು ಗಡಿಯಾಚೆಗೂ ಇದ್ದಾರೆ. 1956ರ ನವೆಂಬರ್ 1ರ ರಾಜ್ಯ ಪುನರ್ವಿಂಗಡಣೆಯವರೆಗೆ ನಾರಾಯಣಖೇಡ ಮತ್ತು ಜಹೀರಾಬಾದ್ ತಾಲೂಕುಗಳು ಹೈದರಾಬಾದ್ ರಾಜ್ಯದ ಬೀದರ್ ಜಿಲ್ಲೆಗೂ, ತಾಂಡೂರು ಕಲಬುರ್ಗಿ ಜಿಲ್ಲೆಗೂ ಸೇರಿದ್ದವು. ಪುನರ್ವಿಂಗಡಣೆಗೆ ಒಂದು ವರ್ಷ ಮುಂಚೆಯೇ, 1955ರಲ್ಲಿ, ಹೈದರಾಬಾದ್ ರಾಜ್ಯ ತನ್ನದೇ ಗ್ರಂಥಾಲಯ ಕಾನೂನನ್ನು ಮಾಡಿಕೊಂಡಿತ್ತು. ಆಗ ಆಂಧ್ರಪ್ರದೇಶಕ್ಕೆ ಸೇರಿದ, ಈಗ ತೆಲಂಗಾಣದಲ್ಲಿರುವ ಈ ತಾಲೂಕುಗಳಿಗೆ ಮುಂದೆ ಆಂಧ್ರಪ್ರದೇಶದ 1960ರ ಗ್ರಂಥಾಲಯ ಕಾನೂನು ಅನ್ವಯವಾಯಿತು. ಅದರಂತೆ ಅಲ್ಲಿಯೂ ಕರ ಸಂಗ್ರಹವಾಗುತ್ತದೆ, ಗ್ರಂಥಾಲಯಗಳನ್ನು ‘ಜಿಲ್ಲಾ ಗ್ರಂಥಾಲಯ ಸಂಸ್ಥೆ’ ನಡೆಸುತ್ತದೆ. ನಾರಾಯಣಖೇಡ ಭಾಗದಲ್ಲಿ 2016ರಲ್ಲಿ ಹೊಸ ಮಂಡಲವಾದ ನಾಗಲಗಿದ್ದದಲ್ಲಿ ಮನೆಮಾತು ಕನ್ನಡವಾಗಿರುವ ಕುಟುಂಬದ ಮಗುವಿಗೆ ತನ್ನ ಭಾಷೆಯ ಕಥೆ ಪುಸ್ತಕ ಊರ ಗ್ರಂಥಾಲಯದಲ್ಲಿ ಸಿಗಬೇಕಾದರೆ, ಅರಿವು ಕೇಂದ್ರಗಳು ಎಷ್ಟೇ ಹತ್ತಿರವಿದ್ದರೂ, ಖರೀದಿಯ ಪಟ್ಟಿಗೆ ಕನ್ನಡ ಸೇರಬೇಕಾದುದು ಜಿಲ್ಲಾ ಕೇಂದ್ರವಾದ ಸಂಗಾರೆಡ್ಡಿಯ ಸಂಸ್ಥೆಯಲ್ಲಿ. ತಾಂಡೂರಿನ ಮಗುವಿಗಾದರೆ ವಿಕಾರಾಬಾದಿನಲ್ಲಿ.